ವರದನ ಮಡಿಲು

ವರದ ಕುರ್ಚಿಯಿಂದ ಎದ್ದರೆ ಕುರ್ಚಿಯೂ ಅವನ ಜೊತೆಗೇ ಏಳುತ್ತಿತ್ತು. ಕೈಯಿರುವ ಕುರ್ಚಿಗಳ ಪಾಡೇ ಅದು. ಆಗ ನಾನು ಹಿಂದಿನಿಂದ ಕುರ್ಚಿಯನ್ನು ಹಿಡಿದುಕೊಳ್ಳಬೇಕು, ಇಲ್ಲವೇ ಮುಂದೆ ನಿಂತು ಅವನ ಕೈ ಹಿಡಿದು ಎಳೆಯಬೇಕು. ದೆಹಲಿಯ ಒಂದು ಸಚಿವಾಲಯದಲ್ಲಿ ಎದುರುಬದುರು ಮೇಜಿನಲ್ಲಿ ಕೂತು ನಾವಿಬ್ಬರೂ ಮುದುಕರಾದೆವು. ಸರ್ಕಾರಕ್ಕೆ ನೀನು ಮಾಡಿದ ಸೇವೆ ಏನು ಎಂದು ಯಾರಾದರೂ ಕೇಳಿದರೆ, ವರದರಾಜನನ್ನು ದಿನಕ್ಕೆ ನಾಲ್ಕು ಸಲ ಕುರ್ಚಿಯಿಂದ ಬಿಡಿಸಿದ್ದು ಎನ್ನುತ್ತೇನೆ. ಉಳಿದ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಿತ್ತು.

ಅವನೂ ಮೈಸೂರಿನವನು, ನಾನೂ ಮೈಸೂರಿನವನು. ವಸಂತ್ ಕುಂಜ್‌ನಲ್ಲಿ ಅವನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ; ನನ್ನದು ಎದುರಿನ ಬ್ಲಾಕಿನ ನೆಲಮಹಡಿ. ಅವನ ಬಾಯಲ್ಲಿ ನನ್ನ ಹೆಸರು 'ಕಪಿ'. ಹೆಸರು ಸುಮ್ಮನೆ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಇಡೀ ಸೆಕ್ಷನ್ನಿನ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಿರುಗಿಸಿ, ಸಾಹೇಬರನ್ನೂ ಸೇರಿಸಿ ಎಲ್ಲರನ್ನೂ ಬೇಗ ಮನೆಗೆ ಕಳಿಸಿದವನು ನಾನೇ. ಈಗ ನಿವೃತ್ತನಾಗಿದ್ದೇನೆ, ಒಪ್ಪಿಕೊಳ್ಳಲು ಭಯವಿಲ್ಲ. ವರದನೂ ಈಗ ಇಲ್ಲ. ಆದ್ದರಿಂದ ಅವನ ವಿಷಯವನ್ನೂ ಹೇಳಬಹುದು. ಇದ್ದಿದ್ದರೆ ಅರ್ಧಕ್ಕೇ ಬಾಯಿ ಹಾಕಿ, "ಲೋ ಕಪಿ, ಅದು ಹಾಗಲ್ಲ" ಎನ್ನುತ್ತಿದ್ದ.

ಅವನು ಹೊಟ್ಟೆಬಾಕನಾಗಿರಲಿಲ್ಲ. ಅವನ ತೊಂದರೆ ಕರುಣೆಯದು. ಕ್ಯಾಂಟೀನಿನಿಂದ ಒಂದು ತಟ್ಟೆ ಸಮೋಸ ಬಂದರೆ ಎಲ್ಲರಂತೆ ಒಂದೇ ತಿನ್ನುತ್ತಿದ್ದ. ಆದರೆ ಕೊನೆಗೆ ತಟ್ಟೆಯಲ್ಲಿ ಒಂದು ಉಳಿಯುತ್ತದಲ್ಲ, ಎಲ್ಲರೂ ಸಂಕೋಚಕ್ಕೆ ಮುಟ್ಟದೆ ಬಿಡುವುದು, ಅದರ ಕಡೆ ನೋಡಿ ಅವನ ಮುಖ ಸಣ್ಣದಾಗುತ್ತಿತ್ತು. "ಪಾಪ ಕಣೋ, ಒಂಟಿ" ಎಂದು ಎತ್ತಿಕೊಳ್ಳುತ್ತಿದ್ದ. ಮನೆಯಲ್ಲೂ ಅಷ್ಟೆ. ಪಾತ್ರೆಯ ತಳದ ಒಂದು ಸೌಟು ಬಿಸಿಬೇಳೆಬಾತು ಒಂಟಿ, ಡಬ್ಬಿಯ ತಳದ ಕೋಡುಬಳೆ ಒಂಟಿ. ಹೀಗೆ ಇಪ್ಪತ್ತು ವರ್ಷ ದೆಹಲಿಯ ಒಂಟಿಗಳಿಗೆಲ್ಲ ಆಶ್ರಯ ಕೊಟ್ಟು ಕೊಟ್ಟು ಅವನ ಹೊಟ್ಟೆ ಒಂದು ಆಶ್ರಮವಾಗಿತ್ತು. ಆಫೀಸಿಗೆ ಹೋಗುವ ಚಾರ್ಟರ್ಡ್ ಬಸ್ಸಿನಲ್ಲಿ ಅವನ ಪಕ್ಕ ಕೂರಲು ನಾನೊಬ್ಬನೇ ಒಪ್ಪುತ್ತಿದ್ದೆ. ಒಂದು ಕಾಲು ಸೀಟಿನಾಚೆ ನಡುದಾರಿಯಲ್ಲಿರುತ್ತಿತ್ತು.

ಅವನಿಗೆ ಒಬ್ಬಳೇ ಮಗಳು, ನಂದಿನಿ; ನಮಗೆಲ್ಲ ನಂದು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಹೊರಟ ವಾಕ್ಯ ಹಿಂದಿಯಲ್ಲಿ ಮನೆ ತಲುಪುತ್ತಿತ್ತು. ನೋಯ್ಡಾದಲ್ಲಿದ್ದ ನಮ್ಮವರ ಹುಡುಗನೊಬ್ಬನ ಜೊತೆ ಅವಳ ಮದುವೆ ಗೊತ್ತಾಯಿತು. ದಸರಾ ಕಳೆದ ಮೇಲೆ ವರದನ ಮನೆಯಲ್ಲೇ ನಿಶ್ಚಿತಾರ್ಥ, ವೈಶಾಖದಲ್ಲಿ ಮದುವೆ. ಅವರ ಮನೆತನದಲ್ಲಿ ಒಂದು ಪದ್ಧತಿಯುಂಟು. ಮುಹೂರ್ತದ ಹೊತ್ತಿಗೆ ಹುಡುಗಿ ತಂದೆಯ ತೊಡೆಯ ಮೇಲೆ ಕೂತಿರಬೇಕು, ಅಲ್ಲೇ ತಾಳಿ ಕಟ್ಟಬೇಕು. ಪುರೋಹಿತರು ಅದನ್ನು ಗಂಡಿನ ಕಡೆಯವರಿಗೆ ವಿವರಿಸುತ್ತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಶಾಸ್ತ್ರಿಗಳೇ, ನಮ್ಮ ವರದನಿಗೆ ತೊಡೆ ಇದೆ ಅನ್ನೋದಕ್ಕೆ ಇಪ್ಪತ್ತು ವರ್ಷದಿಂದ ಸಾಕ್ಷಿ ಇಲ್ಲ. ಹೊಟ್ಟೆ ಮೇಲೆ ಕೂರಿಸೋದಾದರೆ ಈಗಲೇ ಹೇಳಿ, ಏಣಿ ತರಿಸ್ತೀನಿ."

ಇಡೀ ಹಾಲು ನಕ್ಕಿತು. ವರದ ಎಲ್ಲರಿಗಿಂತ ಜೋರಾಗಿ ನಕ್ಕ. ನಗದೆ ಇದ್ದವರು ಒಬ್ಬರೇ, ಮೈಸೂರಿನಿಂದ ಬಂದಿದ್ದ ಅವನ ಅತ್ತಿಗೆ. ಅವರು ನನ್ನ ತಮಾಷೆಯನ್ನು ಅರ್ಜಿಯ ಹಾಗೆ ಓದಿದರು.

"ಅವರು ಹೇಳೋದೂ ಸರೀನೇ. ವರದನಿಗೆ ಕಾಲು ಮಡಿಸಿ ಕೂರೋದೇ ಕಷ್ಟ. ನಮ್ಮ ಯಜಮಾನರು ಕೂತ್ಕೋತಾರೆ ಬಿಡಿ. ದೊಡ್ಡಪ್ಪ ಅಂದ್ರೂ ಅಪ್ಪನೇ ಅಲ್ವಾ?"

ವರದನ ಅಣ್ಣ ಬೆತ್ತದ ಹಾಗೆ ತೆಳ್ಳಗೆ, ನೆಟ್ಟಗೆ. ಎಲ್ಲರೂ ತಲೆಯಾಡಿಸಿದರು. "ಆಗಲಿ ಅತ್ತಿಗೆ" ಎಂದ ವರದ. ನಗು ಇನ್ನೂ ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತವನ ಹಾಗೆ.

ಬೀಗರನ್ನು ಕಾರಿನ ತನಕ ಬಿಟ್ಟು ಬರಲು ನಾವಿಬ್ಬರೂ ಇಳಿದಿದ್ದೆವು. ವಾಪಸು ಹತ್ತುವಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಅವನು ಕೂತುಬಿಟ್ಟ. ಏದುಸಿರು ತಗ್ಗಿದ ಮೇಲೆ ಹೇಳಿದ.

"ಕಪಿ, ಅವಳು ನನ್ನ ಮಡಿಲಲ್ಲಿ ಕೊನೇ ಸಲ ಕೂತಿದ್ದು ಯುಕೆಜಿಲಿದ್ದಾಗ. ಆಮೇಲೆ ಒಂದಿನ ಬಂದ್ಲು, ಜಾರಿದ್ಲು. ಇನ್ನೊಂದಿನ ಬಂದ್ಲು, ಜಾರಿದ್ಲು. ಆಮೇಲೆ ಬರಲಿಲ್ಲ. ಜಾಗ ಇರಲಿಲ್ಲ."

ಇಂಥ ಹೊತ್ತಿನಲ್ಲಿ ಕೀಟಲೆ ಮಾಡುವುದೇ ನನ್ನ ಗುಣ. "ಗಂಡಸಿಗೆ ಮಡಿಲು ಎಲ್ಲಿಂದ ಬಂತೋ? ತೊಡೆ ಅನ್ನು" ಎಂದೆ.

"ತೊಡೆ ನನ್ನ ಹತ್ತಿರ ಎರಡಿದೆ. ಇಲ್ದೇ ಇರೋದು ಮಡಿಲು."

ಮಾರನೆಯ ಬೆಳಗ್ಗೆ ಐದೂಮುಕ್ಕಾಲಿಗೆ ನಾನು ಅವನ ಬಾಗಿಲು ತಟ್ಟಿ, ವೈಶಾಖದೊಳಗೆ ಮಡಿಲು ಮಾಡಿಯೇ ತೀರೋಣವೆಂದು ನಡೆಯಲು ಎಬ್ಬಿಸಿದೆ. ಡಿಸ್ಪೆನ್ಸರಿಯ ಡಾಕ್ಟರು, ಅವಸರ ಬೇಡ, ದಿನಾ ನಡೆಯಿರಿ, ರಾತ್ರಿಯ ಊಟ ಬೇಗ ಮುಗಿಸಿ, ಎರಡನೇ ಸಲ ಬಡಿಸಿಕೊಳ್ಳಬೇಡಿ ಎಂದಷ್ಟೇ ಹೇಳಿದರು. ತೂಕ ನೋಡೋಣವೆಂದು ನನ್ನ ಮನೆಯ ಯಂತ್ರದ ಮೇಲೆ ನಿಲ್ಲಿಸಿದರೆ ಮುಳ್ಳು ಒಂದು ಸುತ್ತು ಮುಗಿಸಿ ಸೊನ್ನೆಯನ್ನು ದಾಟಿ ನಿಂತಿತು. "ನಾಲ್ಕು ಕಿಲೋ. ಕೂಸಿಗೆ ಹಾಲು ಸಾಲ್ತಿಲ್ಲ" ಎಂದೆ. ಆಮೇಲೆ ಕಿಲೋ ಲೆಕ್ಕವನ್ನೇ ಕೈಬಿಟ್ಟು ಅಳತೆಯೊಂದನ್ನು ನಾನೇ ಕಂಡುಹಿಡಿದೆ. ಇಂಥ ಬುದ್ಧಿ ನನಗೆ ಹುಟ್ಟಿನಿಂದಲೇ ಇದೆ. ಪ್ರತಿ ಭಾನುವಾರ ಅವನು ದಿವಾನದ ಮೇಲೆ ಆದಷ್ಟೂ ಕಾಲು ಮಡಿಸಿ ಕೂರಬೇಕು, ಹೊಟ್ಟೆಯ ಮುಂದೆ ನಾನು ಒಂದೊಂದು ವಸ್ತು ಇಡಬೇಕು, ಅದು ನಿಲ್ಲುತ್ತದೋ ಬೀಳುತ್ತದೋ ನೋಡಬೇಕು. ಮೊದಲ ಭಾನುವಾರ ಬೆಂಕಿಪೊಟ್ಟಣ ಬಿತ್ತು. ದೀಪಾವಳಿ ಹೊತ್ತಿಗೆ ಬೆಂಕಿಪೊಟ್ಟಣ ನಿಂತಿತು, ಕನ್ನಡಕದ ಡಬ್ಬಿ ಬಿತ್ತು.

ಆಗ ಊರಿಗೆ ಊರೇ ಟಿವಿ ನೋಡಿ ಯೋಗಕ್ಕೆ ಬಿದ್ದಿದ್ದ ಕಾಲ. ಪಾರ್ಕಿನಲ್ಲಿ ನಿವೃತ್ತ ಪಂಜಾಬಿಗಳೆಲ್ಲ ಕೂದಲು ಬರಲೆಂದು ಉಗುರಿಗೆ ಉಗುರು ಉಜ್ಜುತ್ತಾ ಕೂತಿರುತ್ತಿದ್ದರು. ಅವರ ಎದುರು ನಡೆಯಲು ವರದನಿಗೆ ನಾಚಿಕೆ. ಮರದ ಮರೆಯಿಂದ ಮರದ ಮರೆಗೆ ಓಡಾಡುತ್ತಿದ್ದ. ಯಾವ ಮರ ಅವನನ್ನು ಮರೆಮಾಡಬೇಕು? ನಾನು ಒಂದು ದಿನ ಆ ಮುದುಕರ ನಡುವೆ ಕೂತು ಗುಟ್ಟು ಹೇಳುವವನ ಹಾಗೆ ಹೇಳಿದೆ, ಇವರು ಮೈಸೂರಿನ ಹಳೇ ಪೈಲ್ವಾನರು, ಪೆಟ್ಟಾಗಿ ಅಖಾಡ ಬಿಟ್ಟಿದ್ದರು, ಈಗ ಮತ್ತೆ ಮೈ ಪಳಗಿಸುತ್ತಿದ್ದಾರೆ, ಯಾರಿಗೂ ಹೇಳಬೇಡಿ. ಮರುದಿನದಿಂದ ಇಡೀ ಪಾರ್ಕು "ಪೆಹಲ್ವಾನ್‌ಜೀ, ರಾಮ್ ರಾಮ್" ಎಂದು ಎದ್ದು ನಿಂತಿತು.

"ಏನೋ ಇದು?" ಎಂದು ವರದ ಹಲ್ಲು ಕಚ್ಚಿದ.

"ಎದೆ ಮುಂದೆ ತಾ. ಪೈಲ್ವಾನರು ಗೂನು ಬಗ್ಗಿ ನಡೆಯಲ್ಲ."

ಅವತ್ತು ಅವನು ಎದೆ ಮುಂದೆ ತಂದ. ಅಲ್ಲಿಯವರೆಗೆ ನಾನು ಅವನ ಎದೆಯನ್ನು ನೋಡಿಯೇ ಇರಲಿಲ್ಲ, ಎಲ್ಲ ಹೊಟ್ಟೆಯ ಖಾತೆಗೇ ಸೇರಿತ್ತು. ಒಂದು ದಿನ ತಪ್ಪಿಸಿದರೆ ಮರುದಿನ ಹತ್ತು ಜನ, "ಕಲ್ ನಹೀಂ ಆಯೇ ಪೆಹಲ್ವಾನ್‌ಜೀ?" ಎಂದು ವಿಚಾರಿಸುತ್ತಿದ್ದರು. ಡಿಸೆಂಬರಿನ ಮಂಜಿನಲ್ಲಿ ಎದುರಿನ ಬೆಂಚೇ ಕಾಣದಿದ್ದಾಗಲೂ ಮಂಕಿ ಕ್ಯಾಪ್ ಹಾಕಿಕೊಂಡು ಬರುತ್ತಿದ್ದ. ಇದೆಲ್ಲ ನನ್ನ ದೂರದೃಷ್ಟಿ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಬರೀ ಕೀಟಲೆಗೆ ಮಾಡಿದ್ದು.

ಜನವರಿಯಲ್ಲಿ ಅವನ ಶರಟು ಜೋಲತೊಡಗಿತು. ಸಂತೋಷಪಡಬೇಕಾದವರೆಲ್ಲ ಹೆದರಿದರು. ನಮ್ಮವರು ಸಿಕ್ಕಲ್ಲೆಲ್ಲ ಅವನ ಹೆಂಡತಿ ಜಯಾಳನ್ನು ಪಕ್ಕಕ್ಕೆ ಕರೆದು, "ಇಳಿದುಹೋಗಿದ್ದಾರಲ್ಲ, ಶುಗರ್ ಬಂತಾ?" ಎಂದು ಕೇಳಿ ಅವಳ ಕಣ್ಣಲ್ಲಿ ನೀರು ತರಿಸಿದರು. ಕೆಳಮನೆಯ ಪಂಜಾಬಿ ಆಂಟಿ, "ಭಾಯಿಸಾಬ್, ಆಪ್ಕೀ ತೋ ಸೆಹತ್ ಹೀ ಗಿರ್ ಗಯೀ" ಎಂದು ಮರುಗಿದರು. ಅವರ ಭಾಷೆಯಲ್ಲಿ ಮೈತುಂಬಿಕೊಂಡರೆ ಆರೋಗ್ಯ ಬಂತು, ಇಳಿದರೆ ಆರೋಗ್ಯ ಹೋಯಿತು. ಹೋದ ಆರೋಗ್ಯವನ್ನು ವಾಪಸು ತರಲು ಗೋಧಿಹಿಟ್ಟು, ತುಪ್ಪ, ಗೋಡಂಬಿಯ ಪಿನ್ನಿ ಉಂಡೆಗಳನ್ನು ಒಂದು ಡಬ್ಬಿ ತುಂಬ ಕಳಿಸಿದರು. ನಂದು ತಿಂದಳು, ಜಯಾ ತಿಂದಳು, ನಾನು ನಾಲ್ಕು ತಿಂದೆ. ವರದ ಒಂದೂ ಮುಟ್ಟಲಿಲ್ಲ. ಕೊನೆಗೆ ಡಬ್ಬಿಯಲ್ಲಿ ಒಂದು ಉಳಿಯಿತು. ಎಲ್ಲರೂ ಅವನ ಮುಖ ನೋಡಿದೆವು. ಅವನು ಸ್ವಲ್ಪ ಹೊತ್ತು ಉಂಡೆಯನ್ನೇ ನೋಡಿ ಮುಚ್ಚಳ ಹಾಕಿದ.

"ಇರಲಿ, ಒಂಟಿಯಾಗೇ ಇರಲಿ. ಅಭ್ಯಾಸ ಆಗಬೇಕಲ್ಲ. ವೈಶಾಖ ಆದಮೇಲೆ ಈ ಮನೇಲಿ ನಮ್ಮ ಪಾಡೂ ಅದೇ."

ನಂದು ಎದ್ದು ಅಡುಗೆಮನೆಗೆ ಹೋದಳು.

ಮಾರ್ಚ್ ಹೊತ್ತಿಗೆ ಟಿಫಿನ್ ಡಬ್ಬಿ ನಿಂತಿತು. ಕೊನೆಯ ಪರೀಕ್ಷೆ ಟೆಲಿಫೋನ್ ಡೈರೆಕ್ಟರಿಯದು. ಅದು ನಿಂತರೆ ಮಗಳು ಕೂರಬಹುದು ಎಂದು ನಾನೇ ಶಾಸ್ತ್ರ ಮಾಡಿದ್ದೆ. ಅದು ನಿಲ್ಲಲಿಲ್ಲ. ಎರಡನೇ ವಾರವೂ ಬಿತ್ತು, ಮೂರನೇ ವಾರವೂ ಬಿತ್ತು. ನಡಿಗೆ ನಿಂತಿರಲಿಲ್ಲ, ಊಟ ಹೆಚ್ಚಿರಲಿಲ್ಲ, ಹೊಟ್ಟೆ ಮಾತ್ರ ಹಟ ಹಿಡಿದು ಕೂತಿತ್ತು. ಮೈಸೂರಿನಿಂದ ಅತ್ತಿಗೆ ಫೋನ್ ಮಾಡಿ, ಯಜಮಾನರಿಗೆ ಧಾರೆಗೆಂದೇ ಹೊಸ ರೇಷ್ಮೆ ಮಗುಟ ತೆಗೆದಿದ್ದೇವೆ ಎಂದರು. ಅವತ್ತು ವರದ ಪಾರ್ಕಿನಲ್ಲಿ ಯಾರ ರಾಮ್ ರಾಮ್‌ಗೂ ತಲೆಯೆತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ, ಡೈರೆಕ್ಟರಿಗೆ ಹಾಕಿದ್ದ ನ್ಯೂಸ್‌ಪೇಪರ್ ಹೊದಿಕೆಯನ್ನು ಬಿಚ್ಚಿ, ಅದಕ್ಕಿಂತ ಅಗಲ ಕಡಿಮೆಯಿದ್ದ ಎರಡು ಆಫೀಸ್ ಡೈರಿಗಳಿಗೆ ಸೇರಿಸಿ ಹೊದಿಸಿ ತಂದೆ. ಇಟ್ಟೆ. ನಿಂತಿತು. ಜಯಾ ದೇವರಮನೆಗೆ ಓಡಿದಳು. ವರದ ಬಾಯಿ ತೆರೆದು ನಗುತ್ತಾ ಅದನ್ನು ಕೈಗೆತ್ತಿಕೊಂಡ. ಫೈಲು ಎತ್ತಿ ಎತ್ತಿ ಪಳಗಿದ ಕೈ, ತೂಕ ಕಡಿಮೆಯೆಂದು ಅದಕ್ಕೆ ತಕ್ಷಣ ಗೊತ್ತಾಯಿತು. ನಗು ನಿಂತಿತು. ಹೊದಿಕೆ ಬಿಚ್ಚಿ ನೋಡಿದ.

"ಗಡಿಯಾರ ತಿರುಗಿಸು, ಪೈಲ್ವಾನ್ ಅನ್ನು, ಏನು ಬೇಕಾದ್ರೂ ಮಾಡು. ಇದರಲ್ಲಿ ತಮಾಷೆ ಬೇಡ ಕಣೋ. ಅವತ್ತು ಅವಳು ಜಾರಿದ್ರೆ ನಾನೇನು ಮಾಡ್ಲಿ?"

ಅವನು ನನ್ನ ಮೇಲೆ ಸಿಟ್ಟಾಗಿದ್ದು ಅದೊಂದೇ ಸಲ. ನಾನು ಕ್ಷಮೆ ಕೇಳಿದ್ದೂ ನನ್ನ ಜೀವಮಾನದಲ್ಲಿ ಅದೊಂದೇ ಸಲ, ಅದೂ ಡೈರಿಗಲ್ಲ. "ಏಣಿ ತರಿಸ್ತೀನಿ ಅಂದಿದ್ದು ತಪ್ಪು ಕಣೋ ವರದ" ಎಂದೆ.

ಅವನು ಡೈರಿಗಳನ್ನು ಪಕ್ಕಕ್ಕಿಟ್ಟ. "ಹಾಗಂದಿದ್ದಕ್ಕೇ ಎದ್ದೆ. ಇಲ್ಲದಿದ್ರೆ ಇನ್ನೂ ಕುರ್ಚೀಲೇ ಸಿಕ್ಕೊಂಡಿರ್ತಿದ್ದೆ. ನಾಳೆಯಿಂದ ಇನ್ನೂ ಎರಡು ಸುತ್ತು ಜಾಸ್ತಿ ನಡೆಯೋಣ."

ಎರಡು ಸುತ್ತು ಜಾಸ್ತಿ ನಡೆದೆವು. ಏಪ್ರಿಲ್ ಕೊನೆಯ ಭಾನುವಾರ ನಿಜವಾದ ಡೈರೆಕ್ಟರಿ ನಿಂತಿತು. ಅವನು ಅದನ್ನು ಎತ್ತಿ, ತೂಗಿ, ಹೊದಿಕೆಯೊಳಗೆ ಇಣುಕಿ ನೋಡಿ, ಆಮೇಲೆ ನಂಬಿದ.

ಮದುವೆಯ ದಿನ ದೆಹಲಿಯ ಬೇಸಿಗೆ ಛತ್ರದೊಳಗೂ ಬಂದು ಕೂತಿತ್ತು. ಮುಹೂರ್ತ ಹತ್ತಿರವಾದಾಗ ಅತ್ತಿಗೆ ಮೆಲ್ಲಗೆ, "ವರದಾ, ನಿನಗೆ ಕೂರೋಕಾಗುತ್ತೇನಪ್ಪಾ? ಇವರು ಮಡಿಯಲ್ಲೇ ಇದ್ದಾರೆ" ಎಂದರು. ಅವನು ಮಣೆಯ ಹತ್ತಿರ ಹೋಗಿ, ಯಾರ ಕೈಯನ್ನೂ ಹಿಡಿಯದೆ, ನಿಧಾನಕ್ಕೆ ಇಳಿದು, ಕಾಲು ಮಡಿಸಿ ಕೂತ. ನನ್ನ ಕೈ ತಾನಾಗಿಯೇ ಮುಂದೆ ಹೋಗಿತ್ತು, ವಾಪಸು ತೆಗೆದುಕೊಂಡೆ. ಅವನ ಅಣ್ಣ ಹಿಂದೆ ಸರಿದು ಹೊಸ ಮಗುಟದ ಅಂಚು ಸರಿಪಡಿಸಿಕೊಂಡರು.

ನಂದು ಬಂದು ಕೂತಳು. ನಾನು ಎರಡಡಿ ದೂರದಲ್ಲಿದ್ದೆ, ಎಲ್ಲ ಕಾಣುತ್ತಿತ್ತು. ಅವಳು ಕೂತಿರಲಿಲ್ಲ. ಸೀರೆಯೊಳಗೆ ಮಂಡಿ ಊರಿ, ಭಾರವೆಲ್ಲ ತನ್ನ ಕಾಲ ಮೇಲೇ ಇಟ್ಟುಕೊಂಡು, ಅಪ್ಪನನ್ನು ಮುಟ್ಟಿಯೂ ಮುಟ್ಟದ ಹಾಗೆ ನಿಂತಿದ್ದಳು. ಚಿಕ್ಕಂದಿನ ಜಾರಿಕೆ ಅವಳಿಗೂ ಮರೆತಿರಲಿಲ್ಲ.

"ಅಪ್ಪಾ, ಮಂಡೀಲಿ ದರ್ದ್ ತೋ ನಹೀಂ? ನಾನು ಹಾಫ್ ಮಾತ್ರ ಕೂತಿದೀನಿ, ಡೋಂಟ್ ವರಿ" ಎಂದು ಪಿಸುಗುಟ್ಟಿದಳು.

ವರದ ಅವಳ ಸೊಂಟದ ಸುತ್ತ ಕೈ ಹಾಕಿ ಹಿಂದಕ್ಕೆ ಒರಗಿಸಿಕೊಂಡ.

"ಪೂರ್ತಿ ಕೂತ್ಕೋ ಪುಟ್ಟಿ. ಜಾಗ ಇದೆ."

ಅವಳು ಪೂರ್ತಿ ಕೂತಳು. ವಾಲಗದವರು ಜೋರಾಗಿ ಬಾರಿಸಿದರು. ನಾನು ಅಕ್ಷತೆ ಹಾಕಬೇಕಿತ್ತು, ಕಣ್ಣು ಕಾಣದೆ ಪುರೋಹಿತರ ತಲೆಗೆ ಹಾಕಿದೆ. ಬೇಕೆಂದೇ ಹಾಕಿದ ಕೀಟಲೆ ಎಂದು ಇವತ್ತಿಗೂ ಎಲ್ಲರೂ ನಂಬಿದ್ದಾರೆ.

ಮದುವೆ ಮುಗಿದ ಮೇಲೆ ಇವನು ಸಮೋಸಕ್ಕೆ ಮರಳುತ್ತಾನೆಂದು ಎಣಿಸಿದ್ದೆ. ಮೂರನೇ ದಿನವೇ ಐದೂಮುಕ್ಕಾಲಿಗೆ ಬಂದು ಅವನು ನನ್ನ ಬಾಗಿಲು ತಟ್ಟಿದ. "ಇನ್ನೇನಕ್ಕೋ?" ಎಂದು ಗೊಣಗಿದೆ. "ಕಷ್ಟಪಟ್ಟು ಕ್ವಾರ್ಟರ್ಸ್ ಖಾಲಿ ಮಾಡಿಸಿದ್ದೀನಿ. ಮತ್ತೆ ಹೊಟ್ಟೆಗೇ ಅಲಾಟ್ ಮಾಡ್ಲಾ?" ಎಂದ. ನಿವೃತ್ತಿಯಾಗುವವರೆಗೂ ನಡೆದ. ತೆಳ್ಳಗೇನೂ ಆಗಲಿಲ್ಲ, ಪೈಲ್ವಾನನ ಮೈಕಟ್ಟು ಹಾಗೇ ಇತ್ತು, ಆದರೆ ಕುರ್ಚಿಗಳು ನೆಲದಲ್ಲೇ ಉಳಿಯತೊಡಗಿದವು.

ನಿವೃತ್ತಿಯ ನಂತರ ಅವನು ಮೈಸೂರಿಗೆ ಹೊರಟ. ಮುಂದಿನ ವರ್ಷವೇ ಅಲ್ಲಿ ತೀರಿಕೊಂಡ. ಹೊರಡುವ ಹಿಂದಿನ ಮಧ್ಯಾಹ್ನ ಅವನ ಮನೆಗೆ ಹೋಗಿದ್ದೆ. ಸಾಮಾನೆಲ್ಲ ಲಾರಿಗೆ ಹೋಗಿ, ಖಾಲಿ ಹಾಲಿನಲ್ಲಿ ಒಂದು ಚಾಪೆ ಮಾತ್ರ ಉಳಿದಿತ್ತು. ಬಾಲ್ಕನಿಯಿಂದ ಚಳಿಗಾಲದ ಬಿಸಿಲು ಬಿದ್ದಿತ್ತು. ವರದ ಚಾಪೆಯ ಮೇಲೆ ಕಾಲು ಮಡಿಸಿ ಕೂತಿದ್ದ. ನಂದುವಿನ ಎಂಟು ತಿಂಗಳ ಮಗಳು ಅವನ ಮಡಿಲಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಅದೂ ಇದೂ ಪಿಸುಮಾತಿನಲ್ಲೇ ಮಾತಾಡಿದೆವು. ಹೊರಡಲು ಎದ್ದೆ.

"ಏಳೋ, ಗೇಟ್ ತನಕ ಬಿಟ್ಟು ಬಾ" ಎಂದು ಹಳೆಯ ಅಭ್ಯಾಸದಿಂದ ಕೈ ನೀಡಿದೆ.

ವರದ ಮಗುವನ್ನು ನೋಡಿ, ನನ್ನನ್ನು ನೋಡಿ, ತಲೆಯಲ್ಲಾಡಿಸಿದ.

"ಏಳೋ ಹಾಗಿಲ್ಲ ಕಪಿ. ಅಲಾಟ್ ಆಗಿದೆ."

ಆದರೂ ನಾನು ನೀಡಿದ ಕೈಯನ್ನು ಅವನು ಹಿಡಿದ, ಬಿಡಲಿಲ್ಲ. ಎಷ್ಟೋ ವರ್ಷ ತನ್ನನ್ನು ಎಳೆದು ಎಬ್ಬಿಸಿದ ಆ ಕೈಯನ್ನು ಎಳೆಯದೆ ಸುಮ್ಮನೆ ಹಿಡಿದುಕೊಂಡೇ ಕೂತಿದ್ದ. ನಾನು ಮಗು ಏಳದ ಹಾಗೆ ಬಗ್ಗಿ ನಿಂತಿದ್ದೆ.