ಪುಕ್ಕಟೆ ಓದು, ಮುಂದಿನೂರಿನ ಟಿಕೆಟ್ಟು

ನಾನು ಬಿ.ಎ.ಗೆ ಸೇರಿದ್ದು ಮೂವತ್ತೈದು ದಾಟಿದ ಮೇಲೆ. ಮದುವೆಯಾದಾಗ ಪಿಯುಸಿಗೇ ನಿಂತುಹೋಗಿದ್ದ ಓದನ್ನು, ಮಗಳು ಹೈಸ್ಕೂಲು ಸೇರಿದ ವರ್ಷ ತರೀಕೆರೆಯ ಕಾಲೇಜಿನಲ್ಲಿ ಮತ್ತೆ ಹಿಡಿದೆ. ಸರ್ಕಾರಿ ಕಾಲೇಜು, ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕವಿಲ್ಲ, ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೂ ದುಡ್ಡು ಕೊಡಬೇಕಿಲ್ಲ. ಇನ್ನೇನು ಬೇಕು ಅಂದುಕೊಂಡಿದ್ದೆ.

ಮಾವನಿಗೆ ಮಾತ್ರ ಇದು ಸರಿಬರಲಿಲ್ಲ. ಅವರು ದರ್ಜಿ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ರಸ್ತೆಯಲ್ಲಿ, ನಮ್ಮೂರ ಬಸ್‌ಸ್ಟಾಪಿನ ಎದುರಿಗೇ ಅವರ ಅಂಗಡಿ, ಅದರ ಹಿಂದೆ ಮನೆ. ಸ್ವಂತ ತಮ್ಮನ ಅಂಗಿಗೂ ಕೂಲಿ ಇಸಿದುಕೊಳ್ಳದೆ ಗುಂಡಿ ಹಚ್ಚಿದವರಲ್ಲ. ನಾನು ಓದುವುದಕ್ಕೆ ಅವರ ಅಡ್ಡಿಯಿರಲಿಲ್ಲ, ಪುಕ್ಕಟೆ ಓದುವುದಕ್ಕಿತ್ತು.

"ಕಾಸು ಕೊಡ್ದೆ ಓದಿದ್ದು ತಲೇಲಿ ನಿಲ್ಲಲ್ಲ ಕಣಮ್ಮ. ಫೀಸು ಕಟ್ಟಿದ್ರೆ ತಾನೆ ಮೇಷ್ಟ್ರಿಗೂ ಭಯ, ಓದೋರಿಗೂ ಭಯ?"

"ನೀವು ಹೊಲಿಯೋ ಸ್ಕೂಲ್ ಯೂನಿಫಾರಂ ಬಟ್ಟೆ ಸರ್ಕಾರ ಪುಕ್ಕಟೆ ಕೊಡೋದೇ ಅಲ್ವಾ ಮಾವ?"

"ಬಟ್ಟೆ ಪುಕ್ಕಟೆ. ನನ್ ಹೊಲಿಗೆ ಪುಕ್ಕಟೆ ಅಲ್ಲ" ಎಂದು ಮೆಷಿನ್ ತುಳಿಯುತ್ತಿದ್ದರು. ಅವರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

ನನ್ನ ಓದಿಗೆ ಸಂಚಕಾರ ಬಂದದ್ದು ಫೀಸಿನಿಂದಲ್ಲ, ಬಸ್ಸಿನಿಂದ. ಬೆಳಗಿನ ಬಸ್ಸು ಅಜ್ಜಂಪುರದಲ್ಲೇ ತುಂಬಿಕೊಂಡು ಬರುತ್ತಿತ್ತು. ಸ್ಟಾಪಿನಲ್ಲಿ ಬರೀ ಹೆಂಗಸರು ನಿಂತಿದ್ದರೆ ಆ ಡ್ರೈವರ್ ಕಂಡೂ ಕಾಣದವನಂತೆ ಹೋಗಿಬಿಡುತ್ತಿದ್ದ. ಅದರ ನಂತರದ ಬಸ್ಸು ಹಿಡಿದರೆ ಮೊದಲನೆಯ ಪೀರಿಯಡ್ಡು ಮುಗಿದಿರುತ್ತಿತ್ತು. ಆ ಪೀರಿಯಡ್ಡಿನ ಮೇಡಂ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಒಂದು ದಿನ ಮುಜುಗರಪಟ್ಟುಕೊಂಡೇ ಹೇಳಿದರು: "ಹಾಜರಾತಿ ಹೀಗೇ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸೋಕಾಗಲ್ಲ. ಅದು ನನ್ ಕೈಲಿಲ್ಲ ನೋಡಿ." ಇಷ್ಟು ವರ್ಷ ಕಾದು ಸೇರಿದ ಓದು ಒಬ್ಬ ಡ್ರೈವರನ ಬ್ರೇಕಿನ ಮೇಲೆ ನಿಂತಿದೆಯಲ್ಲ ಎಂದು ಮೈ ಉರಿದುಹೋಯಿತು.

ಸ್ಟಾಪಿನ ಹೆಂಗಸರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ದಾರಿಯಲ್ಲಿ ಹೋಗುವ ಗಂಡಸರು ಯಾರಾದರೂ ಸಿಕ್ಕರೆ ಮುಂದೆ ನಿಲ್ಲಿಸಿ ಬಸ್ಸಿಗೆ ಕೈ ತೋರಿಸಲು ಹೇಳುವುದು, ನಾವೆಲ್ಲ ಬೇವಿನ ಮರದ ಹಿಂದೆ ನಿಲ್ಲುವುದು. ಟಿಕೆಟ್ಟು ಕೊಳ್ಳುವ ಗಿರಾಕಿ ಎಂದು ಬಸ್ಸು ನಿಂತ ಕೂಡಲೇ ಓಡಿಬಂದು ನುಗ್ಗುವುದು. ಮೇಡಂ ಹೇಳಿದ ಮರುದಿನ ರಸ್ತೆಯಲ್ಲಿ ಒಬ್ಬ ಗಂಡಸೂ ಇರಲಿಲ್ಲ. ಬಸ್ಸು ಆಗಲೇ ತಿರುವಿನಲ್ಲಿ ಕಾಣಿಸಿತು. ನಾನು ಅಂಗಡಿಯ ಕಡೆ ತಿರುಗಿ "ಮಾವಾ, ಬೇಗ ಬನ್ನಿ!" ಎಂದು ಕೂಗಿದೆ. ಮಾವ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದು ಕೈ ಎತ್ತಿದರು. ಬಸ್ಸು ನಿಂತಿತು. ನಾವು ಹತ್ತಿದೆವು, ಅವರು ಹತ್ತಲಿಲ್ಲ.

"ಏನ್ ಯಜಮಾನ್ರೇ, ತಮಾಷೆ ಮಾಡ್ತೀರಾ?" ಎಂದು ಕಂಡಕ್ಟರ್ ರೇಗಿದ.

ಮಾರನೆಯ ದಿನ ಡ್ರೈವರ್ ಮಾವನ ಗುರುತು ಹಿಡಿದು, ಎತ್ತಿದ ಕೈಗೂ ಕ್ಯಾರೇ ಅನ್ನದೆ ಹೋದ. ಊರವರ ಎದುರಿಗೆ ಹಾಗಾದದ್ದು ಮಾವನಿಗೆ ಎಷ್ಟು ನಾಟಿತೆಂದರೆ ಅವತ್ತಿಡೀ ಕತ್ತರಿ ಮುಟ್ಟಲಿಲ್ಲ. ಅವರನ್ನು ಕರೆಯಲೇಬಾರದಿತ್ತು ಅನ್ನಿಸಿ ನನಗೂ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಇಸ್ತ್ರಿ ಶರ್ಟು ಹಾಕಿಕೊಂಡು ನನಗಿಂತ ಮೊದಲೇ ಬಂದು ನಿಂತಿದ್ದರು. ಎತ್ತಿದ ಕೈಯಲ್ಲಿ ಒಂದು ನೋಟು. ಬಸ್ಸು ನಿಂತಿತು. ಮಾವನೂ ಹತ್ತಿ, ಮುಂದಿನೂರಿಗೆ ಟಿಕೆಟ್ಟು ತೆಗೆದುಕೊಂಡು, ಅಲ್ಲಿಳಿದು ನಡೆದೇ ವಾಪಸು ಹೋದರು. ಮರುದಿನವೂ ಹಾಗೇ. ಕೊನೆಗೆ ದಿನವೂ ಹಾಗೇ ಆಯಿತು. ಬೇಡ ಮಾವ ಎಂದರೆ, "ನಿನಗೋಸ್ಕರ ಅಲ್ಲ ಕಣಮ್ಮ, ವಾಕಿಂಗು. ಡಾಕ್ಟ್ರು ಹೇಳವ್ರೆ" ಅಂದರು. ಯಾವ ಡಾಕ್ಟರೂ ಹೇಳಿರಲಿಲ್ಲ.

ಆ ನಡುವೆ ಕಾಲೇಜಿನ ಚರ್ಚಾಸ್ಪರ್ಧೆಗೆ, ಉನ್ನತ ಶಿಕ್ಷಣ ಎಲ್ಲರಿಗೂ ಉಚಿತವಾಗಿರಬೇಕೇ ಎಂಬ ವಿಷಯ ಕೊಟ್ಟಿದ್ದರು. ಇರಬೇಕು, ಗಂಡುಹುಡುಗರಿಗೂ ಇರಬೇಕು, ಆದರೆ ಫೀಸು ಬಿಟ್ಟ ಮಾತ್ರಕ್ಕೆ ಓದು ಪುಕ್ಕಟೆಯಾಗುವುದಿಲ್ಲ ಎಂದು ಮಾತಾಡಿದೆ. ಬಹುಮಾನ ಬರಲಿಲ್ಲ. ಮನೆಯಲ್ಲಿ ಹೇಳಿದರೆ ಮಾವ, "ಎಲ್ರಿಗೂ ಪುಕ್ಕಟೆ ಕೊಡಿ, ಹುಡುಗ್ರು ಬೆಂಚು ಮುರ್ದು ಬರ್ತವೆ" ಅಂದರು. ಇಷ್ಟಾದರೂ ಅವರ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನನಗೆ ನಗು ಬಂತು, ಸಿಟ್ಟೂ ಬಂತು.

ಹಾಲ್ ಟಿಕೆಟ್ ಸಿಕ್ಕ ದಿನ ಮೊದಲು ಮಾವನಿಗೇ ತೋರಿಸಬೇಕೆಂದು ಬಸ್ಸಿಳಿದು ನೇರ ಅಂಗಡಿಗೆ ಹೋದೆ. ಚೌಳಹಿರಿಯೂರಿನ ನೆಂಟರೊಬ್ಬರು ಪ್ಯಾಂಟಿಗೆ ಅಳತೆ ಕೊಡುತ್ತಿದ್ದರು. ಬಾಗಿಲಲ್ಲಿದ್ದ ನನ್ನನ್ನು ಇಬ್ಬರೂ ನೋಡಲಿಲ್ಲ.

"ಸೊಸೆ ಓದೋದು ಎಲ್ಲಾ ಪುಕ್ಕಟೆ ಅಂತಲ್ಲಪ್ಪ?" ಎಂದರು ನೆಂಟರು.

ಮಾವ ಅಳತೆ ನಿಲ್ಲಿಸಿ ತಲೆಯೆತ್ತಿದರು.

"ಯಾವನಯ್ಯ ಹೇಳ್ದೋನು? ದಿನಾ ಕಾಸು ಕೊಟ್ಟು ಓದಿಸ್ತಾ ಇದೀನಿ ಕಣಯ್ಯ."