ನಾಕ ದಿನದ ನ್ಯುಮೋನಿಯಾ

ನ್ಯುಮೋನಿಯಾ ಆಗಿ ಸವದತ್ತಿ ದವಾಖಾನಿ ಸೇರಿದಾಗ, ಉಸರ ಎಳದ್ರ ಪಕ್ಕಡಿಗೆ ಚೂರಿ ಹಾಕಿದಂಗ ಆಗತಿತ್ತು. ನಾಕನೇ ದಿನ ಜ್ವರ ಬಿಟ್ಟು, ಎರಡು ರೊಟ್ಟಿ ತಿಂದೆ.

"ಮನಿಗೆ ಹೋಗ್ರಿ, ಗುಳಿಗಿ ಮಾತ್ರ ಬಿಡಬ್ಯಾಡ್ರಿ" ಅಂದ್ರು ಡಾಕ್ಟರು.

ಅಕ್ಕ ಅಡ್ಡ ನಿಂತ್ಲು. "ಸಿರಸಂಗಿ ಬೀಗರು ನಾಳೆ ನಿನ್ನ ಮಾತಾಡ್ಸಾಕ ಬರಾಕತ್ತಾರ. ಅಲ್ಲೀತನಕ ಮಲಕ್ಕೊ!"

ಬಾಗಲ ಹತ್ರ ಕಾಟ್ ಸಿಗದ ಮುದುಕಿ ಒಬ್ಬಾಕಿ ನೆಲದ ಮ್ಯಾಲೆ ಕೆಮ್ಮಾಕತ್ತಿದ್ಲು. ನನಗ ಮೈ ಉರದು ಹೋತು. ಬೀಗರಿಗೆ ತೋರ್ಸಾಕ ನಾ ಏನು ಕನ್ಯಾ ಅದೀನೇನು? ಸಿಸ್ಟರ್‌ಗೆ ಹೇಳಿ ಮುದುಕೀನ್ನ ನನ್ನ ಕಾಟಿನ್ಯಾಗ ಮಲಗ್ಸಿ, ಟೆಂಪೊ ಹತ್ತಿ ನಮ್ಮೂರು ಮನೋಳಿಗೆ ಬಂದೆ.

ಮರುದಿನ ಬೀಗರು ಮನಿಗೇ ಬಂದ್ರು, ಬರಿಗೈಲೆ.

"ದವಾಖಾನಿಗೆ ಹೋಗಿದ್ವಿ. ನಿಮ್ಮ ಕಾಟಿನ್ಯಾಗ ಖರೇ ನ್ಯುಮೋನಿಯಾದಾಕಿ ಮಲಗಿದ್ಲು, ಮೋಸಂಬಿ ಆಕೀಗೆ ಕೊಟ್ವಿ. ನಾಕ ದಿನಕ್ಕ ಬಿಟ್ಟಾರಂದ್ರ ನಿಮಗ ಬರೇ ನೆಗಡಿ ಇರಬೇಕು ಬಿಡ್ರಿ!"