ತೊಟ್ಟಿಕ್ಕಬೇಕಿದ್ದ ನಲ್ಲಿ

ತೊಂಬತ್ನಾಲ್ಕರ ಜನವರಿಯಲ್ಲಿ ಅಮೆರಿಕದ ಜರ್ಮನ್‌ಟೌನಿನ ನಮ್ಮ ಮನೆಯ ಅಡುಗೆಮನೆ ಗೋಡೆಯೊಳಗೆ ಒಂದು ತಾಮ್ರದ ಪೈಪು ಒಡೆಯಿತು. ತಪ್ಪು ಯಾರದೆಂಬ ವಿಚಾರಣೆಯನ್ನು ನಾನೇ ನಡೆಸಿದೆ, ತೀರ್ಪನ್ನೂ ನಾನೇ ಕೊಟ್ಟೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮನೆ ಕೊಂಡು ಮೂರು ತಿಂಗಳಾಗಿತ್ತು. ಅದಕ್ಕೆ ಮುಂಚೆ ಗೈದರ್ಸ್‌ಬರ್ಗಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಅಲ್ಲಿ ಚಳಿಯಿಂದ ಕಟ್ಟಡ ಕಾಯುವುದು ಮ್ಯಾನೇಜರನ ಕೆಲಸ, ದೂರುವುದು ನಮ್ಮ ಕೆಲಸ. ಸ್ವಂತ ಮನೆಯಾದ ಮೇಲೆ ಎರಡು ಖಾತೆಗಳೂ ನನಗೇ ಬಂದವು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲಾಗುವಂಥ ಚಳಿ ಬಂದಾಗ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬಾಗಿಲಿಗೇ ಬಂದು ಎಚ್ಚರಿಸಿದರು. ನಿಮ್ಮ ಸಿಂಕು ಉತ್ತರದ ಹೊರಗೋಡೆಗೆ ಅಂಟಿಕೊಂಡಿದೆ, ಚಳಿ ಇಳಿಯುವವರೆಗೆ ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕುತ್ತಿರಲಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿರಲಿ, ಇಲ್ಲದಿದ್ದರೆ ಒಳಗೆ ನೀರು ಗಡ್ಡೆಕಟ್ಟಿ ಪೈಪು ಸೀಳುತ್ತದೆ ಎಂದರು.

ನಾನು ದಂಗಾದೆ. ಒಳ್ಳೆಯ ಮನೆಯ ಲಕ್ಷಣವೇ ಹನಿಯದ ನಲ್ಲಿ ಎಂದು ನಂಬಿ ಬೆಳೆದವನು ನಾನು. ಮನೆ ಉಳಿಯಬೇಕಾದರೆ ನಲ್ಲಿ ಕೆಟ್ಟಂತೆ ನಟಿಸಬೇಕೆಂದು ಈಕೆ ಹೇಳುತ್ತಿದ್ದಾರೆ. ಆದರೂ ಹಾಗೇ ಮಾಡಿದೆ.

ಆಗ ಮನೆಯಲ್ಲಿ ಮಾವನವರಿದ್ದರು. ಮೈಸೂರಿನಲ್ಲಿ ನೀರು ಸರಬರಾಜಿನ ಕೆಲಸದಲ್ಲೇ ಮೂವತ್ತು ವರ್ಷ ಸವೆಸಿದವರು, ಸೋರುವ ನಲ್ಲಿಗಳ ಪಾಲಿನ ಯಮ. ಅವರು ಸಿಂಕಿನ ಮುಂದೆ ಕೈ ಹಿಂದೆ ಕಟ್ಟಿ ನಿಂತು ಹನಿಯನ್ನು ಬಹಳ ಹೊತ್ತು ನೋಡಿದರು.

"ನಮ್ಮಲ್ಲಿ ಇದಕ್ಕೆ ನೋಟೀಸ್ ಕೊಡ್ತಿದ್ವಿ, ಅಳಿಯಂದ್ರೆ."

"ಇಲ್ಲಿ ಹೀಗೇ ಬಿಡ್ಬೇಕಂತೆ ಮಾವ. ದಯವಿಟ್ಟು ಮುಟ್ಟಬೇಡಿ."

"ಸರಿ," ಎಂದಷ್ಟೇ ಹೇಳಿ ಅವರು ಅಡುಗೆಮನೆಯ ಕೆಳಗಿನ ಬೇಸ್‌ಮೆಂಟಿನಲ್ಲಿದ್ದ ತಮ್ಮ ಕೋಣೆಗೆ ಹೋದರು. ಆ 'ಸರಿ' ನನಗೆ ಸರಿಯೆನಿಸಲಿಲ್ಲ. ಇವರ ಕೈ ಸುಮ್ಮನಿರುವ ಕೈಯಲ್ಲ ಎಂದು ಮನಸ್ಸಿನಲ್ಲೇ ಆರೋಪಪಟ್ಟಿ ಬರೆದಿಟ್ಟುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಕಾಫಿಗೆ ನೀರು ಹಿಡಿಯಲು ಹೋದ ಹೆಂಡತಿ ಕರೆದಳು.

"ರೀ, ನಲ್ಲಿ ನಿಂತಿದೆ. ತಿರುಗಿಸಿದ್ರೂ ನೀರು ಬರ್ತಿಲ್ಲ."

ಹಿಡಿ ಬಿಗಿಯಾಗಿ ಮುಚ್ಚಿತ್ತಂತೆ. ಅಂದರೆ ಯಾರೋ ಮುಚ್ಚಿದ್ದಾರೆ. ಮನೆಯಲ್ಲಿದ್ದವರು ನಾಲ್ಕೇ ಜನ, ಅವರಲ್ಲಿ ನಲ್ಲಿ ಮುಚ್ಚುವುದನ್ನೇ ವೃತ್ತಿ ಮಾಡಿಕೊಂಡವರು ಒಬ್ಬರು. ನನ್ನ ವಿಚಾರಣೆ ಅಷ್ಟರಲ್ಲೇ ಮುಗಿಯಿತು.

ಮಧ್ಯಾಹ್ನ ಬಿಸಿಲೇರಿ ಚಳಿ ತುಸು ಇಳಿದಾಗ ಒಳಗಿನ ಗಡ್ಡೆ ಸಡಿಲವಾಯಿತು. ಮೊದಲು ಗೋಡೆಯೊಳಗೆ ಬುಸ್ಸೆಂಬ ಸದ್ದು. ನಾನು ಬೇಸ್‌ಮೆಂಟಿಗೆ ಓಡಿದಾಗ ಮಾವನವರ ಮಂಚದ ಮೇಲಿನ ಸೀಲಿಂಗ್ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ನೋಡುತ್ತಿದ್ದಂತೆಯೇ ಅದು ಇಡಿಯಾಗಿ ಕಳಚಿ ಹಾಸಿಗೆಯ ಮೇಲೆ ಬಿತ್ತು. ಹಿಂದೆಯೇ ನೀರು. ನನ್ನ ಸ್ವಂತ ಮನೆ ನನ್ನ ಕಣ್ಣೆದುರೇ ಬೀಳುತ್ತಿದೆ, ನಾನು ಬಾಗಿಲಲ್ಲಿ ಕಂಬದಂತೆ ನಿಂತಿದ್ದೇನೆ. ನೀರು ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಮಾವನವರು ಪಂಚೆ ಮೇಲೆ ಕಟ್ಟಿ, ನನ್ನನ್ನು ದಾಟಿ, ಮೆಟ್ಟಿಲ ಕೆಳಗಿನ ಕತ್ತಲೆಗೆ ನುಗ್ಗಿ ಮುಖ್ಯ ವಾಲ್ವ್ ತಿರುಗಿಸಿದರು. ನೀರು ನಿಂತಿತು. ಮಗಳ ಮನೆಗೆ ಬಂದ ಮಾರನೆಯ ದಿನವೇ ಅವರು ಅದನ್ನು ಹುಡುಕಿಟ್ಟಿದ್ದರಂತೆ.

ಇಂಥ ಹೊತ್ತಿನಲ್ಲಿ ಮರ್ಯಾದಸ್ಥನಾದವನು ಥ್ಯಾಂಕ್ಸ್ ಹೇಳುತ್ತಾನೆ. ಹೆಂಡತಿ, ಒಂಬತ್ತು ವರ್ಷದ ಮಗಳು ಇಬ್ಬರೂ ಮೆಟ್ಟಿಲ ಮೇಲೆ ನಿಂತು ಕೇಳುತ್ತಿರುವಾಗಲೇ ನಾನು ಹೇಳಿದೆ:

"ಆ ನಲ್ಲಿ ನಿಲ್ಲಿಸದೇ ಇದ್ದಿದ್ರೆ ಈ ವಾಲ್ವ್ ನಿಲ್ಲಿಸೋ ಕಷ್ಟ ನಿಮಗೆ ಬರ್ತಿರ್ಲಿಲ್ಲ, ಮಾವ."

ಅವರ ಮುಖದಿಂದ ನೀರು ಇಳಿಯುತ್ತಿತ್ತು. ಒಮ್ಮೆ ನನ್ನನ್ನು, ಒಮ್ಮೆ ಮೊಮ್ಮಗಳನ್ನು ನೋಡಿದರು. ಸಂಜೆ ತಮ್ಮ ಮಗಳನ್ನು ಕರೆದು, "ಶನಿವಾರಕ್ಕೆ ಅಟ್ಲಾಂಟಾಗೆ ಟಿಕೆಟ್ ಮಾಡಿಸಮ್ಮ. ನಿನ್ನ ತಂಗಿ ಮನೇಲಿ ಇದ್ದು, ಅಲ್ಲಿಂದ್ಲೇ ಊರಿಗೆ ಹೋಗ್ತೀನಿ," ಎಂದರು. ಇನ್ನೂ ಎರಡು ತಿಂಗಳು ನಮ್ಮಲ್ಲಿರಬೇಕಾದವರು. ಹೆಂಡತಿ ಟಿಕೆಟ್ ಮಾಡಿಸಿದಳು. ಆಮೇಲೆ ನನ್ನೊಡನೆ ಮಾತು ಬಿಟ್ಟಳು.

ಪ್ಲಂಬರ್ ಬಂದು ಗೋಡೆ ಕೊಯ್ದು ಪೈಪು ತೋರಿಸಿದ. ಸುಲಿದ ಅವರೆಕಾಯಿಯ ಹಾಗೆ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಹೊಸದು ಹಾಕಿ, ಚಳಿ ಇನ್ನೂ ಇದೆ, ನಲ್ಲಿ ಬಿಟ್ಟೇ ಇಡಿ ಎಂದು ಅವನೂ ಹೇಳಿ ಹೋದ. ನಾನು ನಲ್ಲಿಯನ್ನು ತೊಟ್ಟಿಕ್ಕುವಂತೆ ಬಿಟ್ಟು, ಅಪರಾಧಿಗೆ ಕೇಳುವಷ್ಟು ಗಟ್ಟಿಯಾಗಿ ಕೆಮ್ಮಿದೆ.

ಶುಕ್ರವಾರ ಬೆಳಿಗ್ಗೆ ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು ಹಾಲಿಗೆ ಸೀರಿಯಲ್ ಹಾಕಿಕೊಂಡು ತಿನ್ನುತ್ತಿದ್ದಳು. ನಾನು ಕಾಫಿ ಲೋಟ ಸಿಂಕಿನಲ್ಲಿಟ್ಟು, ಹಿಮಗಟ್ಟಿದ ರಸ್ತೆಗಳ ಬಗ್ಗೆ ಏನೋ ಗೊಣಗುತ್ತ ಹೊರಟೆ.

"ಅಪ್ಪ, ಯು ಡಿಡ್ ಇಟ್ ಅಗೇನ್."

"ಏನು ಮಾಡ್ದೆ?"

"ಟ್ಯಾಪ್ ಕ್ಲೋಸ್ ಮಾಡಿದೆ."

ತಿರುಗಿ ನೋಡಿದೆ. ನಲ್ಲಿ ನಿಂತಿತ್ತು. ನನ್ನ ಬಲಗೈ ಒದ್ದೆಯಾಗಿತ್ತು.

"ನಾನಾ?"

"ಎವ್ರಿ ಟೈಮ್. ಆಮೇಲೆ ತಾತ ಬಂದು ಓಪನ್ ಮಾಡ್ತಾರೆ. ಪೈಪ್ ಬ್ರೇಕ್ ಆಗೋ ಹಿಂದಿನ ರಾತ್ರಿ ತಾತಂಗೆ ಜ್ವರ, ಅರ್ಲಿ ಮಲ್ಕೊಂಡ್ರು."

ಮೇಜಿನ ಅಂಚು ಹಿಡಿದು ಕುಳಿತೆ. ನಾನು ಬೆಳೆದ ಬೆಂಗಳೂರಿನ ಓಣಿಗೆ ದಿನ ಬಿಟ್ಟು ದಿನ ಒಂದು ಗಂಟೆ ನೀರು ಬರುತ್ತಿತ್ತು. ಹನಿಯುವ ನಲ್ಲಿ ಕಂಡೂ ನಿಲ್ಲಿಸದೆ ಹೋದವನ ತಲೆಗೆ ಅಮ್ಮನ ಮೊಟಕು ಖಾತ್ರಿ. ನೀರಿನ ಜೊತೆ ಲಕ್ಷ್ಮಿಯೂ ಸೋರಿಹೋಗುತ್ತಾಳೆ ಎನ್ನುತ್ತಿದ್ದಳು. ಆ ಶಿಕ್ಷಣ ತಲೆಗೆ ಹತ್ತಿದ್ದು ಕಡಿಮೆ, ಕೈಗೆ ಇಳಿದದ್ದು ಹೆಚ್ಚು. ನನ್ನ ಕೈ ನನಗೆ ಹೇಳದೆ ಕೇಳದೆ ನನ್ನ ಮನೆಯನ್ನು ಒಡೆದಿತ್ತು. ನಾನು ಯಾರನ್ನು ಯಮನೆಂದು ತಿಳಿದೆನೋ ಅವರು ನನ್ನ ಹಿಂದೆ ಹಿಂದೆ ಬಂದು ಅದನ್ನು ಕಾಯುತ್ತಿದ್ದರು.

ಮಾವನವರು ಸೂಟ್‌ಕೇಸಿನಲ್ಲಿ ಪಂಚೆ ಮಡಿಸಿಡುತ್ತಿದ್ದರು.

"ನಲ್ಲಿ ನಿಲ್ಲಿಸಿದ್ದು ನಾನು, ಮಾವ."

"ಗೊತ್ತು."

"ಅವತ್ತೇ ಹೇಳ್ಬಹುದಿತ್ತಲ್ಲ?"

"ಅಳಿಯನ ಮನೇಲಿ ಕೂತು ಅಳಿಯನ ತಪ್ಪು ಹೇಳೋಕಾಗುತ್ತಾ? ತೆರೆದ್ರಾಯ್ತು ಅಂತ ತೆರೀತಿದ್ದೆ."

"ತಪ್ಪಾಯ್ತು. ಕ್ಷಮಿಸಿ. ಹೋಗ್ಬೇಡಿ."

ಅವರು ಇನ್ನೊಂದು ಪಂಚೆ ಮಡಿಸಿದರು. "ಇಲ್ಲಿ ಬಂದು ನನ್ನೊಬ್ಬನಿಗೆ ಹೇಳಿದ್ರೆ ಹೇಗೆ? ಅವತ್ತು ಮಗು ಎದುರಿಗೆ ಅಂದ್ರಿ."

ಸಂಜೆ ಊಟಕ್ಕೆ ಕುಳಿತಾಗ ಎದ್ದು ನಿಂತೆ. ಹೆಂಡತಿ, ಮಗಳು, ಮಾವನವರು, ಮೂವರೂ ತಟ್ಟೆಯಿಂದ ತಲೆಯೆತ್ತಿದರು. ಪೈಪು ಒಡೆದದ್ದು ನನ್ನಿಂದ, ತಾತನ ಮೇಲೆ ಹಾಕಿದ್ದು ಸುಳ್ಳು ಅಪವಾದ ಎಂದು ಪೂರ್ತಿ ವಾಕ್ಯಗಳಲ್ಲಿ ಹೇಳಿದೆ. "ಐ ನೋ," ಎಂದಳು ಮಗಳು. ಹೆಂಡತಿ ನಾಲ್ಕು ದಿನಗಳ ನಂತರ ಮೊದಲ ಬಾರಿ ಮಾತಾಡಿದಳು: "ಕೂತ್ಕೊಳಿ, ಸಾರು ಆರ್ತಿದೆ."

ಮಾವನವರು ಅನ್ನ ಕಲಸಿಕೊಂಡು ಎರಡು ತುತ್ತು ತಿಂದರು. ಆಮೇಲೆ ನನ್ನ ಕಡೆ ನೋಡದೆ ನನ್ನ ಹೆಂಡತಿಗೆ ಹೇಳಿದರು, "ನಾಳೆ ಬೇಡ. ಟಿಕೆಟ್ಟು ಗುರುವಾರಕ್ಕೆ ಹಾಕಿಸು."

ಎರಡು ತಿಂಗಳು ಕಳೆದುಕೊಂಡವನಿಗೆ ಐದು ದಿನ ಮರಳಿ ಸಿಕ್ಕಿತು. ನನ್ನ ಅಪರಾಧಕ್ಕೆ ಅದು ಧಾರಾಳವೇ. ಆ ಐದು ದಿನ ನಾನು ಸಿಂಕಿನ ಹತ್ತಿರ ಸುಳಿಯಲಿಲ್ಲ. ಬಾಯಾರಿದಾಗ ಮಾವನವರನ್ನು ಕೇಳುತ್ತಿದ್ದೆ. ಅವರು ಎದ್ದು ಹೋಗಿ, ಹನಿಯುವ ನಲ್ಲಿಗೆ ಲೋಟ ಹಿಡಿದು, ತುಂಬುವವರೆಗೂ ಕಾದು ತಂದುಕೊಡುತ್ತಿದ್ದರು.